ದೇಸಗತಿಯ ವಾಡೆಯಿಂದ ಪ್ರಸಾದ ನಿಲಯದ ಪಂಕ್ತಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕೋಟೆಯಿಂದ ಶುರು ಮಾಡುತ್ತಾರೆ. ಕೋಟೆಗಳಿಗೆ ಇಲ್ಲಿ ಕೊರತೆಯೂ ಇಲ್ಲ. ಆದರೆ ಈ ಸೀಮೆಯ ಎರಡು ನೂರು ವರ್ಷಗಳ ಏಳುಬೀಳನ್ನು ಹಿಂದಿರುಗಿ ನೋಡಿದರೆ, ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ದೊಡ್ಡ ಮನೆತನದಲ್ಲಿ ಮಕ್ಕಳಿಲ್ಲದಿದ್ದರೆ ವಾರಸು ಯಾರದು? ಕಿತ್ತೂರು ಸಂಸ್ಥಾನ ಆ ಪ್ರಶ್ನೆಯಲ್ಲೇ ಮುಳುಗಿತು. ನೆರೆಯ ನರಗುಂದವೂ ಮುಳುಗಿತು. ಅದರ ಮೊದಲ ರಕ್ತ ಬಿದ್ದದ್ದು ನಮ್ಮ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ. ಸವದತ್ತಿ ತಾಲೂಕಿನ ಶಿರಸಂಗಿಯಲ್ಲಿ ಮಾತ್ರ ಒಬ್ಬ ದೇಸಾಯರು ಆ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟರು. ಆ ಉತ್ತರದ ಬಲದಿಂದ ಓದಿ ಮುಂದೆ ಬಂದವರ ಮಕ್ಕಳು, ಮೊಮ್ಮಕ್ಕಳು ಈ ಸ್ಮರಣ ಸಂಚಿಕೆ ಹಿಡಿದವರಲ್ಲಿ ಇದ್ದೇ ಇರುತ್ತಾರೆ.

ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅದರ ಒಂದು ಭಾಗ ಮರೆಯಾಗಿದೆ. ಕಿತ್ತೂರಿನ ದೊರೆ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವನಿಗೆ ಮಕ್ಕಳಿರಲಿಲ್ಲ. ಸಾಯುವ ಮುನ್ನ ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿಯನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಅದು ಸಾತಾರೆಯ ಮೇಲೆ ಬಿದ್ದದ್ದು 1848ರಲ್ಲಿ, ಝಾನ್ಸಿಯ ಮೇಲೆ ಬಿದ್ದದ್ದು ಅದಕ್ಕೂ ಐದಾರು ವರ್ಷ ತಡವಾಗಿ. ಆ ಉರುಳಿನ ರುಚಿಯನ್ನು ಕಿತ್ತೂರು ಕಾಲು ಶತಮಾನ ಮೊದಲೇ ನೋಡಿತ್ತು.

ಮಲ್ಲಸರ್ಜನ ಹೆಂಡತಿ ರಾಣಿ ಚನ್ನಮ್ಮ ಮೊದಲು ಕತ್ತಿ ಹಿಡಿಯಲಿಲ್ಲ, ಕಾಗದ ಬರೆಸಿದಳು. ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್‌ಗೆ, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಅಹವಾಲು ಹೋದವು. ಶಿವಲಿಂಗರುದ್ರಸರ್ಜ 1818ರಲ್ಲಿ ಪೇಶ್ವೆಯ ವಿರುದ್ಧ ಇಂಗ್ಲಿಷರಿಗೆ ನೆರವಾಗಿದ್ದ. ಅದಕ್ಕಾಗಿ ಸನದು ಸಿಕ್ಕಿತ್ತು. ಹಾಗಾಗಿ ನ್ಯಾಯ ಸಿಕ್ಕೀತು ಎಂದು ನಂಬಲು ಆಕೆಗೆ ಕಾರಣವೂ ಇತ್ತು. ಆ ನಂಬಿಕೆ ಹುಸಿಯಾಯಿತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲ ಮುಂದೆ ಥ್ಯಾಕರೆ ಸತ್ತ; ಅವನ ಮೇಲೆ ಗುಂಡು ಹಾರಿಸಿದವನು ಅಮಟೂರ ಬಾಳಪ್ಪ ಎಂದು ಜನ ಇಂದಿಗೂ ಹಾಡುತ್ತಾರೆ. ಸ್ಟೀವನ್‌ಸನ್, ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಇಬ್ಬರನ್ನೂ ಕಿತ್ತೂರಿನವರು ಗೌರವದಿಂದಲೇ ನೋಡಿಕೊಂಡು ಡಿಸೆಂಬರಿನಲ್ಲಿ ಬಿಟ್ಟುಕೊಟ್ಟರು. ಇದೇ ಎಲಿಯಟ್ ಮುಂದೆ ಈ ಭಾಗದ ಊರೂರಿನ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಕೋಟೆಯಲ್ಲಿ ಸೆರೆಯಾಗಿದ್ದವನು ಕಲ್ಲುಗಳ ಕನ್ನಡಕ್ಕೆ ಸೆರೆಯಾದದ್ದು ನಮ್ಮ ಚರಿತ್ರೆಯ ವಿಚಿತ್ರಗಳಲ್ಲೊಂದು.

ಸೆರೆಯಾಳುಗಳನ್ನು ಬಿಟ್ಟ ಬೆನ್ನಿಗೇ ಕೋಟೆಯ ಮೇಲೆ ದಾಳಿಯಾಯಿತು. ಡಿಸೆಂಬರ್ 5ಕ್ಕೆ ಕಿತ್ತೂರು ಬಿತ್ತು. ಚನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಬೈಲಹೊಂಗಲಕ್ಕೆ ಕರೆತಂದು ಕಾವಲಿನಲ್ಲಿಟ್ಟರು. ನಮ್ಮ ಲಾವಣಿ, ನಾಟಕ, ಸಿನಿಮಾಗಳು ಸಾಮಾನ್ಯವಾಗಿ ಯುದ್ಧದೊಂದಿಗೆ ಮುಗಿಯುತ್ತವೆ, ಇಲ್ಲವೇ ಸಾವಿಗೆ ಜಿಗಿಯುತ್ತವೆ. ನಡುವೆ ನಾಲ್ಕು ವರ್ಷವಿದೆ. ಸಂಸ್ಥಾನ ಹೋಗಿದೆ, ದತ್ತುಮಗನ ಹಕ್ಕು ಹೋಗಿದೆ, ಹೊರಗೆ ಪಹರೆಯಿದೆ. ಬೆಳಗಾದರೆ ಸ್ನಾನ, ಪೂಜೆ, ಮತ್ತೆ ಅದೇ ಗೋಡೆ. ಯುದ್ಧಭೂಮಿಯಲ್ಲಿ ಗೆದ್ದ ಚನ್ನಮ್ಮನಿಗಿಂತ ಈ ನಾಲ್ಕು ವರ್ಷ ಮಣಿಯದೆ ಕುಳಿತ ಚನ್ನಮ್ಮ ದೊಡ್ಡವಳೆಂದು ನನಗನ್ನಿಸುತ್ತದೆ. ಅವಳ ಭೇಟಿಗೆ ಕಿತ್ತೂರಿನ ಬಂಟ ಸಂಗೊಳ್ಳಿಯ ರಾಯಣ್ಣ ವೇಷ ಮರೆಸಿಕೊಂಡು ಬರುತ್ತಿದ್ದನೆಂದು ಬೈಲಹೊಂಗಲದ ಹಿರಿಯರು ಹೇಳುತ್ತಾರೆ. ಅದಕ್ಕೆ ಸರಕಾರಿ ಕಾಗದದ ಆಧಾರ ಹುಡುಕುವುದು ಕಷ್ಟ, ನಂಬದಿರುವುದು ಇನ್ನೂ ಕಷ್ಟ. 1829ರ ಫೆಬ್ರವರಿ 2ರಂದು ಅಲ್ಲಿಯೇ ಆಕೆಯ ಪ್ರಾಣ ಹೋಯಿತು. ಸಮಾಧಿ ಊರೊಳಗೇ ಇದೆ.

ರಾಯಣ್ಣ ಕೋಟೆ ಬಿದ್ದ ಮೇಲೂ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸುವ ಹಟ ಬಿಡಲಿಲ್ಲ. ಆ ಹಟದ ಹಿಂದೆ ನಿಷ್ಠೆಯಷ್ಟೇ ಅಲ್ಲ, ಹೊಲವೂ ಇತ್ತು. ಊರು ಕಾಯುವ ಕೆಲಸಕ್ಕೆ ಬದಲಾಗಿ ಭೂಮಿ ಉಣ್ಣುತ್ತಿದ್ದ ಶೆತ್ಸನದಿಗಳ ಜಮೀನಿಗೆ ಕಂಪನಿ ಸರಕಾರ ಕೈ ಹಾಕಿತ್ತು. ರಾಯಣ್ಣನ ಹಿಂದೆ ನಿಂತವರಲ್ಲಿ ಹಲವರು ಹಾಗೆ ಅನ್ನ ಕಳೆದುಕೊಂಡವರು. ಬೀಡಿಯ ಕಚೇರಿ ಸುಟ್ಟರು, ಸಾಲದ ಪತ್ರಗಳನ್ನು ಸುಟ್ಟರು, ಕಾಡಿನಲ್ಲಿ ಇದ್ದರು. 1830ರ ಏಪ್ರಿಲಿನಲ್ಲಿ ರಾಯಣ್ಣನನ್ನು ನಮ್ಮವರೇ ಹಿಡಿದುಕೊಟ್ಟರು. ಮರುವರ್ಷ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು.

ಇನ್ನು ಸುರೇಬಾನ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಪ್ರಶ್ನೆ ಅದೇ. ನರಗುಂದ, ರಾಮದುರ್ಗ ಎರಡೂ ಭಾವೆ ಮನೆತನದ ದಾಯಾದಿ ಸಂಸ್ಥಾನಗಳು. ನರಗುಂದದ ಬಾಬಾಸಾಹೇಬನಿಗೂ ದತ್ತು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ. 1858ರ ಮೇ ತಿಂಗಳ ಕೊನೆಗೆ, ದಂಗೆ ತಡೆಯಲು ಹೊರಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ ರಾತ್ರಿ ಕೊಲೆಯಾದ. ಕೆಲವೇ ದಿನಗಳಲ್ಲಿ ನರಗುಂದ ಕೋಟೆ ಬಿತ್ತು. ತೋರಗಲ್ಲಿನ ಕಡೆಯ ಕಾಡಿನಲ್ಲಿ ಸಿಕ್ಕಿಬಿದ್ದ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ಹೆಂಡತಿಯೂ ತಾಯಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣಬಿಟ್ಟರೆನ್ನುತ್ತಾರೆ. ದಂಗೆಗೆ ಸೇರದ ರಾಮದುರ್ಗ ಸಂಸ್ಥಾನ 1948ರವರೆಗೆ ಉಳಿಯಿತು. ಉಳಿದದ್ದು ಜಾಣತನವೋ ಹೇಡಿತನವೋ ಎಂದು ಇಂದು ಕುಳಿತು ತೀರ್ಪು ಕೊಡುವುದು ಸುಲಭ.

ಈ ಎರಡು ಸೋಲುಗಳ ನಂತರ ಹುಟ್ಟಿದವರು ಶಿರಸಂಗಿ ಲಿಂಗರಾಜ ದೇಸಾಯಿ. 1861ರ ಜನವರಿ 10ರಂದು ಶಿಗ್ಗಾಂವಿಯ ಒಂದು ಮನೆಯಲ್ಲಿ. ಮೊದಲ ಹೆಸರು ರಾಮಪ್ಪ. ಹುಡುಗನಾಗಿದ್ದಾಗಲೇ ನವಲಗುಂದ-ಶಿರಸಂಗಿ ದೇಸಗತಿಗೆ ದತ್ತು ಬಂದರು. ಸಾಮಾನ್ಯ ಮನೆತನವಲ್ಲ ಅದು. ಸವದತ್ತಿ ಊರ ನಡುವೆ ಇಂದಿಗೂ ನಿಂತಿರುವ ಕೋಟೆಯನ್ನು 18ನೆಯ ಶತಮಾನದಲ್ಲಿ ಕಟ್ಟಿಸಿದವರು ಇದೇ ದೇಸಾಯರು. ಶಿರಸಂಗಿಯ ಕಾಳಿಕಾದೇವಿಯ ಗುಡಿಗೆ ನಾಡಿನ ಮೂಲೆಮೂಲೆಯ ವಿಶ್ವಕರ್ಮರು ನಡೆದುಕೊಳ್ಳುತ್ತಾರೆ. ಆ ಗುಡಿಯ ಊರಿನ ಒಡೆತನ ಅಂದರೆ ಕೇವಲ ಜಮೀನಲ್ಲ, ಮಾನವೂ ಹೌದು.

ಅಂಥ ವಾಡೆಯೊಳಗೆ ದತ್ತುಮಗನ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ದತ್ತಕದ ಸುತ್ತ ಮನಸ್ತಾಪ ಹುಟ್ಟಿತು, ಕೋರ್ಟು ಕಚೇರಿಯ ವ್ಯಾಜ್ಯ ಬಂತು. ಹೊರಗಿನ ಕಾಲವೂ ಚೆನ್ನಾಗಿರಲಿಲ್ಲ. ಅವರಿಗೆ ಹದಿನೈದು ತುಂಬುವ ಹೊತ್ತಿಗೆ 1876ರಿಂದ 78ರವರೆಗಿನ ಮಹಾ ಬರ ಈ ಬಯಲುಸೀಮೆಯನ್ನು ತಿಂದುಹಾಕಿತು. ಶತಮಾನದ ಕೊನೆಗೆ ಮತ್ತೆ ಬರ, ಅದರ ಬೆನ್ನಿಗೆ ಪ್ಲೇಗು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಜನ, ಬಾಗಿಲು ಮುಚ್ಚಿದ ಶಾಲೆಗಳು. ಇದನ್ನೆಲ್ಲ ನೋಡಿದ ಜಮೀನುದಾರರು ಆಗ ಬಹಳ ಮಂದಿ ಇದ್ದರು. ನೋಡಿದವರೆಲ್ಲ ಲಿಂಗರಾಜರಾಗಲಿಲ್ಲ.

ಆ ಕಾಲದ ಶಿಕ್ಷಣದ ಸ್ಥಿತಿಯನ್ನೂ ನೆನೆಯಬೇಕು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಕಚೇರಿಯ ಭಾಷೆ, ಶಾಲೆಯ ಮೇಲಿನ ಹಿಡಿತ ಬಹುಮಟ್ಟಿಗೆ ಮರಾಠಿಯದು. ಡೆಪ್ಯುಟಿ ಚನ್ನಬಸಪ್ಪನವರಂಥ ಒಬ್ಬಿಬ್ಬರು ಅಧಿಕಾರಿಗಳ ಛಲದಿಂದ ಕನ್ನಡ ಶಾಲೆಗಳು ತಲೆ ಎತ್ತಿದ್ದವು. ಅಲ್ಲಿಂದ ಮೇಲೆ ಓದಬೇಕೆಂದರೆ ಹೈಸ್ಕೂಲಿಗೆ ಬೆಳಗಾವಿ, ಧಾರವಾಡ. ಕಾಲೇಜಿಗೆ ಪುಣೆ, ಮುಂಬಯಿ. ಒಕ್ಕಲುತನದ ಮನೆಯ ಹುಡುಗನಿಗೆ ಪುಣೆ ಎಂದರೆ ಕಾಶಿಗಿಂತ ದೂರ. ಅಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮುಂದಾಗಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದ್ದು ಇದೇ ಕೊರಗಿನಿಂದ. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಧಾರವಾಡದಲ್ಲಿ ವೀರಶೈವ ಮಹಾಸಭೆ ಸೇರಿಸಿದಾಗ ಅದರ ಮೊದಲ ಅಧಿವೇಶನದ ಅಧ್ಯಕ್ಷರಾಗಿ ಕುಳಿತವರು ಲಿಂಗರಾಜರು.

ಆಸ್ತಿಗೆ ವಾರಸುದಾರರಾಗುವ ಮಕ್ಕಳು ಅವರಿಗಿರಲಿಲ್ಲ. ಆರೋಗ್ಯ ಕೆಟ್ಟಿತು. ಇನ್ನೊಬ್ಬ ರಾಮಪ್ಪನನ್ನು ಯಾವುದೋ ಊರಿನಿಂದ ತಂದು ತೊಡೆಯ ಮೇಲೆ ಕೂರಿಸಿಕೊಳ್ಳುವುದೇ ರೂಢಿ. ಇಂಗ್ಲಿಷರು ಆ ಹೊತ್ತಿಗೆ ದತ್ತಕದ ವಿಷಯದಲ್ಲಿ ಮೆತ್ತಗಾಗಿದ್ದರು, ಅಡ್ಡಿಯೇನೂ ಇರಲಿಲ್ಲ. ಲಿಂಗರಾಜರು ಆ ರೂಢಿ ಹಿಡಿಯಲಿಲ್ಲ. ದೇಸಗತಿಯ ಆಸ್ತಿ ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದರು. 1906ರ ಆಗಸ್ಟ್ 23ರಂದು ತೀರಿಕೊಂಡಾಗ ಅವರಿಗೆ ನಲವತ್ತೈದು ವರ್ಷ. ಆ ಮೃತ್ಯುಪತ್ರದಿಂದ ಹುಟ್ಟಿದ್ದೇ ನವಲಗುಂದ-ಶಿರಸಂಗಿ ಟ್ರಸ್ಟ್. ಕಿತ್ತೂರು ಒಬ್ಬ ದತ್ತುಮಗನಿಗಾಗಿ ರಾಜ್ಯ ಕಳೆದುಕೊಂಡಿತ್ತು. ಇಲ್ಲಿ ದತ್ತುಮಗನೇ ತನ್ನ ಸಂಸ್ಥಾನವನ್ನು ಹೆಸರೂ ಗೊತ್ತಿಲ್ಲದ ಮಕ್ಕಳಿಗೆ ಬರೆದುಕೊಟ್ಟ. ‘ತ್ಯಾಗವೀರ’ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿದೆ. ನಮ್ಮ ಕಡೆ ಬಿರುದುಗಳು ಅಗ್ಗ. ಇದೊಂದು ಮಾತ್ರ ಪೂರ್ತಿ ಬೆಲೆ ತೆತ್ತು ಪಡೆದದ್ದು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ ಮೃತ್ಯುಪತ್ರದ ಕಣ್ಣ ಮುಂದೆ ಇದ್ದದ್ದು ಮುಖ್ಯವಾಗಿ ಲಿಂಗರಾಜರ ಸಮಾಜದ ಬಡ ಹುಡುಗರು. ಆ ಕಾಲದ ಹೆಚ್ಚಿನ ಶಿಕ್ಷಣ ದತ್ತಿಗಳು ಹಾಗೆಯೇ ಇದ್ದವು, ಒಂದೊಂದು ಸಮಾಜ ತನ್ನ ಮಕ್ಕಳನ್ನು ತಾನೇ ಎತ್ತಬೇಕಾಗಿತ್ತು. ಆದರೂ ರಾಯಣ್ಣನ ಹಿಂದೆ ಹೋಗಿ ಹೊಲ ಕಳೆದುಕೊಂಡವರ ಮೊಮ್ಮಕ್ಕಳಿಗೆ, ಊರ ಹೊರಗೆ ಇರಿಸಲ್ಪಟ್ಟವರ ಮಕ್ಕಳಿಗೆ ಅಂಥ ದೇಸಾಯರು ಸಿಗಲು ಇನ್ನೂ ತಡವಾಯಿತು. ಸ್ಮರಣ ಸಂಚಿಕೆ ಎಂದ ಮಾತ್ರಕ್ಕೆ ಇದನ್ನು ಬಿಟ್ಟು ಬರೆಯಬಾರದು.

ಲಿಂಗರಾಜರ ನಂತರದ ಹತ್ತು ವರ್ಷಕ್ಕೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಶುರುವಾಯಿತು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಮಂದಿ ಕೂಡಿ ಕಟ್ಟಿದ ಸಂಸ್ಥೆ. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಮೊದಲ ಶಾಲೆಗೆ ಗಿಲಗಂಚಿ-ಅರಟಾಳ ಎಂದು ಹೆಸರಿಟ್ಟರು. ಆಗ ಪದವಿ ಪಡೆದವರು ಸರಕಾರಿ ನೌಕರಿಗೆ ಹೋಗಿದ್ದರೆ ಮಾಮಲೇದಾರರಾಗಬಹುದಿತ್ತು, ಡೆಪ್ಯುಟಿಗಳಾಗಬಹುದಿತ್ತು. ಅವರು ಹೋದದ್ದು ದೇಣಿಗೆ ಕೇಳಲು, ಹಳ್ಳಿ ಹಳ್ಳಿಗೆ. ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು ಬಂತು. ಅಲ್ಲಿಯವರೆಗೆ ಬೈಲಹೊಂಗಲದ ಹುಡುಗ ಪದವಿ ಓದಬೇಕೆಂದರೆ ಧಾರವಾಡದ ಕರ್ನಾಟಕ ಕಾಲೇಜಿಗೋ ಪುಣೆಗೋ ಹೋಗಬೇಕಿತ್ತು.

ಕಾಲೇಜು ಬಂದರೂ ಊಟದ ಪ್ರಶ್ನೆ ಉಳಿಯಿತು. ವಾರಾನ್ನ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವುದೋ ಮನೆಯಲ್ಲಿ ಸೂತಕವಾದರೆ ಆ ದಿನ ಉಪವಾಸ. ಮಠಗಳಲ್ಲಿ ಇದ್ದವರು ಜೋಳಿಗೆ ಹಿಡಿದು ಕಂತಿ ಭಿಕ್ಷೆಗೆ ಹೋಗುತ್ತಿದ್ದರು. ಬೆಳಗ್ಗೆ ಭಿಕ್ಷೆ ಬೇಡಿದ ಮನೆಯ ಹುಡುಗನೇ ಮಧ್ಯಾಹ್ನ ತರಗತಿಯಲ್ಲಿ ಪಕ್ಕದಲ್ಲಿ ಕುಳಿತಿರುತ್ತಿದ್ದ. ಆ ಮುಜುಗರವನ್ನು ನುಂಗಿ ಓದಿದವರ ಛಲಕ್ಕೆ ಯಾವ ಪದಕವೂ ಇಲ್ಲ.

ಈ ಹಸಿವಿಗೆ ಉತ್ತರ ಕೊಟ್ಟದ್ದು ಪ್ರಸಾದ ನಿಲಯಗಳು. ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ದಾರಿ ತೋರಿಸಿದರು. ಬೆಳಗಾವಿಯಲ್ಲಿ ಆ ಕೆಲಸವನ್ನು ಹೊತ್ತವರು ನಮ್ಮ ಬೈಲಹೊಂಗಲ ಸೀಮೆಯ ನಾಗನೂರು ಮಠದ ಶಿವಬಸವ ಸ್ವಾಮಿಗಳು. 1889ರಲ್ಲಿ ಹುಟ್ಟಿ 1994ರವರೆಗೆ, ನೂರು ದಾಟಿ ಬದುಕಿದ ಜೀವ. 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ದೇಸಗತಿಯ ಆದಾಯ ಅವರ ಬೆನ್ನಿಗಿರಲಿಲ್ಲ. ಇದ್ದದ್ದು ಸುತ್ತಲಿನ ಹಳ್ಳಿಗಳ ರಾಶಿಯ ಕಣ. ಸುಗ್ಗಿಯ ಹೊತ್ತಿಗೆ ಚಕ್ಕಡಿ ಹೊರಡಬೇಕು; ಒಬ್ಬರ ಕಣದಲ್ಲಿ ಚೀಲ ಜೋಳ, ಇನ್ನೊಬ್ಬರಲ್ಲಿ ಸೇರು ತೊಗರಿ, ಮತ್ತೊಬ್ಬರಲ್ಲಿ ಬರಿ ಕೈ. ಮಳೆ ಕೈಕೊಟ್ಟ ವರ್ಷ ಕೊಡುವವರ ಮನೆಯಲ್ಲೇ ಒಲೆ ಹೊತ್ತುವುದಿಲ್ಲ, ಕೇಳುವುದಾದರೂ ಹೇಗೆ? ಆದರೆ ನಿಲಯದ ಪಂಕ್ತಿಗೆ ಬರಗಾಲದ ರಜೆ ಇಲ್ಲ. ನಂಬಿಕೆ ಎಂಬುದನ್ನು ಗುಡಿ, ಗದ್ದುಗೆಗಳಲ್ಲಿ ಹುಡುಕುವವರು ಹುಡುಕಲಿ. ನಾಳೆಯ ಹಿಟ್ಟು ಎಲ್ಲಿಂದ ಬರುತ್ತದೆಂದು ಗೊತ್ತಿಲ್ಲದೆಯೂ ಇವತ್ತು ಇನ್ನೊಬ್ಬ ಹುಡುಗನನ್ನು ಸೇರಿಸಿಕೊಳ್ಳುವುದೇ ನನ್ನ ಲೆಕ್ಕದಲ್ಲಿ ನಂಬಿಕೆ. ಅದೇ ಸ್ವಾಮಿಗಳು ಕರ್ನಾಟಕ ಏಕೀಕರಣಕ್ಕೂ ನಿಂತರು. ಗಡಿಯ ಊರಿನಲ್ಲಿ ಕನ್ನಡದ ಹುಡುಗರು ಉಂಡು ಓದುವ ಜಾಗವೊಂದಿದ್ದರೆ ಅದೇ ಅರ್ಧ ಚಳವಳಿ ಎಂದು ಅವರಿಗೆ ಗೊತ್ತಿತ್ತು.

ಕಾಳು ಕೊಟ್ಟವರು ಯಾರು ಎಂದು ಕೇಳಿದರೆ ಗೌಡರ, ಶೆಟ್ಟರ ಹೆಸರು ಹೊರಡುತ್ತವೆ. ಮೊರ ಹಿಡಿದು ಕೇರಿ, ಹಸನು ಮಾಡಿ, ಮಕ್ಕಳಿಗೆ ಇಟ್ಟದ್ದರಲ್ಲೇ ಒಂದು ಪಾಲು ತೆಗೆದುಕೊಟ್ಟವರು ಮನೆಯ ಹೆಂಗಸರು. ಅವರ ಹೆಸರು ಯಾವ ಫಲಕದಲ್ಲಿದೆ? ಇನ್ನೂ ಚುಚ್ಚುವ ಸಂಗತಿ ಎಂದರೆ, ಬಹಳ ವರ್ಷಗಳವರೆಗೆ ಆ ಪಂಕ್ತಿಯಲ್ಲಿ ಕೂತವರು ಗಂಡುಹುಡುಗರೇ. ಚನ್ನಮ್ಮನ ನಾಡೆಂದು ಭಾಷಣ ಮಾಡುತ್ತಿದ್ದ ನಾವು ಚನ್ನಮ್ಮನಂಥವರನ್ನು ನಾಲ್ಕನೆಯ ಇಯತ್ತೆಗೆ ಬಿಡಿಸಿ ಮದುವೆ ಮಾಡುತ್ತಿದ್ದೆವು. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ರಾಣಿ ಚನ್ನಮ್ಮನ ಹೆಸರಿನ ವಸತಿ ಶಾಲೆ ತೆರೆದದ್ದು 1969ರಲ್ಲಿ, ಸೈನಿಕ ಶಾಲೆಯ ಮಾದರಿಯಲ್ಲಿ. ಕೋಟೆ ಬಿದ್ದು ಆಗಲೇ 145 ವರ್ಷವಾಗಿತ್ತು. ಕುದುರೆ ಸವಾರಿ, ಬಂದೂಕು ತರಬೇತಿ ಪಡೆದ ಹುಡುಗಿಯರು ಕಿತ್ತೂರಿನಿಂದ ಹೊರಬಂದದ್ದನ್ನು ನೋಡಿದರೆ, ಚೌಕದಲ್ಲಿ ನಿಂತ ಪ್ರತಿಮೆಗಳಿಗಿಂತ ಇದೇ ಸರಿಯಾದ ಸ್ಮಾರಕ ಎನ್ನಬೇಕು. ದಿಲ್ಲಿಯ ಸಂಸತ್ತಿನ ಆವರಣದಲ್ಲಿ 2007ರಲ್ಲಿ ನಿಲ್ಲಿಸಿದ ಪ್ರತಿಮೆಗೂ ನನಗೆ ಗೌರವವಿದೆ. ಆದರೆ ಪ್ರತಿಮೆ ಪಾಠ ಹೇಳುವುದಿಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದ ಮಾತೆತ್ತದೆ ಈ ಸೀಮೆಯ ನಂಬಿಕೆಯ ಬಗ್ಗೆ ಬರೆಯಲಾಗದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಭಂಡಾರದಲ್ಲಿ ಮುಳುಗೇಳುವ ಜನ ‘ಉಧೋ ಉಧೋ’ ಎಂದು ಕೂಗುವುದನ್ನು ಕೇಳಿದವರಿಗೆ ಆ ಭಕ್ತಿಯ ಬಲ ಗೊತ್ತು. ಅದೇ ನಂಬಿಕೆಯ ಹೆಸರಿನಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ದೇವದಾಸಿಯರನ್ನಾಗಿಸಿ ಬೀದಿಗೆ ಬಿಟ್ಟದ್ದೂ ಉಂಟು. 1982ರಲ್ಲಿ ಕರ್ನಾಟಕ ಸರಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ತಂದಿತು. ಕಾಯ್ದೆಯನ್ನು ಊರೂರಿಗೆ ಹೊತ್ತು ನಡೆದವರು ಮಾತ್ರ ಆ ಮುತ್ತು ಕಟ್ಟಿಸಿಕೊಂಡ ಹೆಂಗಸರೇ. ನಮ್ಮ ಜಿಲ್ಲೆಯ ಘಟಪ್ರಭೆಯಲ್ಲಿ ಅವರೇ ಕೂಡಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಆ ಕೆಲಸಕ್ಕಾಗಿ 2018ರಲ್ಲಿ ಪದ್ಮಶ್ರೀ ಪಡೆದರು. ದೇವಿಯನ್ನು ಬಿಡದೆ, ದೇವಿಯ ಹೆಸರಿನ ಅನ್ಯಾಯವನ್ನು ಬಿಡಿಸಿದ ಈ ಹೆಂಗಸರನ್ನು ಲಿಂಗರಾಜರ, ಶಿವಬಸವ ಸ್ವಾಮಿಗಳ ಸಾಲಿನಲ್ಲೇ ಕೂರಿಸಬೇಕು. ಒಂದು ಮೆಟ್ಟಿಲು ಮೇಲೆ ಕೂರಿಸಿದರೂ ನನ್ನ ತಕರಾರಿಲ್ಲ, ಏಕೆಂದರೆ ಅವರ ಬಳಿ ಬಿಟ್ಟುಕೊಡಲು ಆಸ್ತಿಯೂ ಇರಲಿಲ್ಲ, ಹಿಡಿಯಲು ಜೋಳಿಗೆಯ ಮಾನವೂ ಇರಲಿಲ್ಲ.

ಕಷ್ಟವೇನೂ ಹಳೆಯ ಕಾಲಕ್ಕೆ ಮುಗಿದುಹೋಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನುಗ್ಗಿದಾಗ ನೇಕಾರರ ಮಗ್ಗಗಳು ಕೆಸರಿನಲ್ಲಿ ಹೂತವು, ಮಕ್ಕಳ ಪುಸ್ತಕಗಳು ನೀರು ಪಾಲಾದವು. ಮಗ್ಗವನ್ನು ಮತ್ತೆ ನಿಲ್ಲಿಸಿ, ಮಕ್ಕಳನ್ನು ಮತ್ತೆ ಶಾಲೆಗೆ ಕಳಿಸಿದವರು ಇವತ್ತೂ ಅಲ್ಲೇ ಇದ್ದಾರೆ. ಅವರ ಮಕ್ಕಳಿಗೂ ಊಟ ಹಾಕಿ ಓದಿಸುವ ಜಾಗ ಬೇಕು. ಸರಕಾರದ ಹಾಸ್ಟೆಲುಗಳು ಬಂದಿವೆ, ಬರಲಿ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಹಿಂದಿರುಗುವ ಹುಡುಗಿಯೊಬ್ಬಳನ್ನು ಯಾವ ಊರಿನ ಯಾವ ಮನೆ ಇಟ್ಟುಕೊಳ್ಳುತ್ತದೆ ಎಂಬುದು ಇನ್ನೂ ನಮ್ಮ ಮುಂದಿರುವ ಪ್ರಶ್ನೆ.

ಕಿತ್ತೂರಿನ ಗೆಲುವಿಗೆ 2024ರಲ್ಲಿ ಎರಡು ನೂರು ವರ್ಷ ತುಂಬಿತು. ಆ ಯುದ್ಧದ ಕಾಗದಪತ್ರಗಳನ್ನು ಹುಡುಕಿ, ಓದಿ, ಅಚ್ಚು ಹಾಕಿಸಿದ ವಿದ್ವಾಂಸರು ನಮಗಿದ್ದಾರೆ. ಪ್ರಸಾದ ನಿಲಯಗಳ ಕಾಗದಪತ್ರಗಳಿಗೆ ಆ ಭಾಗ್ಯ ಬಂದಿಲ್ಲ. ಯಾವ ಊರು ಯಾವ ವರ್ಷ ಎಷ್ಟು ಕಾಳು ಕೊಟ್ಟಿತು, ಯಾವ ಹುಡುಗ ಯಾವ ಊರಿನಿಂದ ಬಂದ, ಟ್ರಸ್ಟಿನ ನೆರವಿನಿಂದ ಯಾರು ಎಲ್ಲಿಯವರೆಗೆ ಓದಿದರು, ಇವೆಲ್ಲ ಹಳೆಯ ಖಾತೆ ಕಿರ್ದಿಗಳಲ್ಲಿ, ಪೋಸ್ಟ್ ಕಾರ್ಡುಗಳಲ್ಲಿ, ಮಸುಕಾದ ಗ್ರೂಪ್ ಫೋಟೋಗಳಲ್ಲಿ ಉಳಿದಿರಬೇಕು. ಈ ನಾಲ್ಕು ತಾಲೂಕಿನ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಅಜ್ಜನ ಟ್ರಂಕಿನಲ್ಲಿ ಅಂಥದ್ದೇನಾದರೂ ಸಿಕ್ಕರೆ ರದ್ದಿಗೆ ಹಾಕಬೇಡಿ. ಒಂದು ಪ್ರತಿ ಮಾಡಿಸಿ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೋ ಮಠಕ್ಕೋ ಕೊಡಿ. ಮನೆಯಲ್ಲಿ ಹಿರಿಯ ಅವ್ವಂದಿರು ಇದ್ದರೆ, ಯಾವ ನಿಲಯಕ್ಕೆ ಕಾಳು ಕೊಡುತ್ತಿದ್ದರೆಂದು ಕೇಳಿ, ಅವರ ಹೆಸರಿನ ಸಮೇತ ಬರೆದಿಡಿ.